ಮುಟ್ಟುವ ಮುನ್ನ



ಗಾಯದ ಡ್ರೆಸ್ಸಿಂಗ್ ಬಿಚ್ಚಿದ ನರ್ಸ್ ನೇರವಾಗಿ ಸಿಂಕಿನ ಕಡೆ ನಡೆಯುತ್ತಾರೆ. ಯಾರೂ ಹೇಳಬೇಕಾಗಿಲ್ಲ. ಕೈ ಕೊಳೆಯಾಗಿದ್ದು ಅವರಿಗೇ ಗೊತ್ತು. ಆದರೆ ಮುಂದಿನ ಹಾಸಿಗೆ ತಲುಪುವಷ್ಟರಲ್ಲಿ ಅದೇ ಕೈ ಕೇಸ್ ಶೀಟು ತಿರುವಿರುತ್ತದೆ, ಪರದೆ ಸರಿಸಿರುತ್ತದೆ, ಜೇಬಿನ ಮೊಬೈಲ್ ಮುಟ್ಟಿರುತ್ತದೆ. ನೋಡಲು ಶುಭ್ರವಾಗಿಯೇ ಇದೆ. ಆಗಲೇ ತೊಳೆಯುವುದು ಮರೆತುಹೋಗುವುದು.

ಕೈ ಶುಚಿಗೆ ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭಗಳನ್ನು ಹೇಳಿದೆ. ಎರಡು ಮುನ್ನ, ಮೂರು ಆಮೇಲೆ. ಆಸ್ಪತ್ರೆಯ ಸಿಬ್ಬಂದಿಗೆ ಇವು ಬಾಯಿಪಾಠ. ಆದರೂ ಹೆಚ್ಚಾಗಿ ತಪ್ಪಿಹೋಗುವುದು ರೋಗಿಯನ್ನು ಕಾಯುವ ಆ ‘ಮುನ್ನ’.

1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಡಾಕ್ಟರ್ ಸೆಮ್ಮೆಲ್‌ವೈಸ್ ಕೇಳಿಕೊಂಡದ್ದೂ ಇದನ್ನೇ. ಶವಪರೀಕ್ಷೆ ಮುಗಿಸಿದ ವೈದ್ಯರು ಸಾಬೂನಿನಲ್ಲಿ ಕೈ ತೊಳೆದೇ ಬರುತ್ತಿದ್ದರು. ವಾಸನೆ ಮಾತ್ರ ಹೋಗುತ್ತಿರಲಿಲ್ಲ. ಹೆರಿಗೆ ವಾರ್ಡಿಗೆ ಬರುವ ಮೊದಲು ಕ್ಲೋರಿನ್ ನೀರಿನಲ್ಲಿ ತೊಳೆಯಿರಿ ಎಂದರು ಅವರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸತ್ತಿದ್ದ ವಾರ್ಡದು. ಜೂನ್ ಹೊತ್ತಿಗೆ ಆ ಸಂಖ್ಯೆ 2ರ ಆಸುಪಾಸಿಗೆ ಇಳಿಯಿತು. ಅದಕ್ಕೂ ಮೊದಲು ಹೋದ ತಾಯಂದಿರನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಈಗ ಎಷ್ಟೋ ಕಡೆ ಸ್ಯಾನಿಟೈಸರ್ ಬಾಟಲಿ ಹಾಸಿಗೆಯ ಬಳಿಯೇ ಇರುತ್ತದೆ. 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ಹೆಬ್ಬೆರಳು, ಬೆರಳ ತುದಿ ಬಿಟ್ಟುಹೋಗಬಾರದು, ಅಷ್ಟೆ. ಕೆಲಸದ ಒತ್ತಡದಲ್ಲಿ ಸಿಬ್ಬಂದಿ ಮರೆತರೆ, ಪಕ್ಕದಲ್ಲಿ ಕೂತ ನಾವು ‘ಸಿಸ್ಟರ್, ಕೈಗೆ ಹಾಕಿಕೊಂಡ್ರಾ?’ ಎಂದು ಮೆಲ್ಲಗೆ ನೆನಪಿಸಬಹುದು. ಕೇಳಲು ಸಂಕೋಚವಾಗುತ್ತದೆ, ನಿಜ. ಆದರೂ ಕೇಳಿ.