ತೊಟ್ಟಿಲು ತಿರುಗಿಸಿದ ಕೈಗಳು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ಬಗ್ಗೆ ಮಾತಾಡು ಎಂದರೆ ಇವನು ಶಿರಸಿ ಜಾತ್ರೆಯ ಕಥೆ ತೆಗೆದನಲ್ಲ ಎಂದುಕೊಳ್ಳಬೇಡಿ. ನಮಗೆ ಎರಡಕ್ಕೂ ನಂಟಿತ್ತು. ಮಾರಿಕಾಂಬೆಯ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ, ಅದೂ ಹೆಚ್ಚಾಗಿ ಮಾರ್ಚಿನಲ್ಲಿ, ಪರೀಕ್ಷೆಯ ಹೊಸ್ತಿಲಲ್ಲಿ. ದೇವಿ ಬಿಡ್ಕಿಬೈಲಿನ ಗದ್ದುಗೆ ಏರಿದಳೆಂದರೆ ನಮ್ಮ ಪುಸ್ತಕ ಮುಚ್ಚಿತೆಂದೇ ಲೆಕ್ಕ.

ಮಕ್ಕಳೇ, ನೀವು ಮೋಟಾರಿನಲ್ಲಿ ತಿರುಗುವ ಜೈಂಟ್ ವೀಲ್ ನೋಡಿದ್ದೀರಿ. ನಾವು ಹತ್ತಿದ್ದು ಮರದ ತೊಟ್ಟಿಲು. ಅದಕ್ಕೆ ನಾಲ್ಕೇ ಪೆಟ್ಟಿಗೆ. ಕೆಳಗೆ ನಿಂತವರು ಇಳಿದು ಬರುವ ಪೆಟ್ಟಿಗೆಯನ್ನು ಹಿಡಿದು ಜಗ್ಗಿ ಬಿಡಬೇಕು. ಎದುರುಬದುರು ಭಾರ ಸಮ ಇರಬೇಕೆಂದು ನಮ್ಮನ್ನು ಕಣ್ಣಲ್ಲೇ ತೂಗಿ ಕೂರಿಸುತ್ತಿದ್ದರು. ಪಕ್ಕದಲ್ಲಿ ಕೈಯಿಂದ ದೂಡುವ ಮರದ ಕುದುರೆಗಳು. ಅದರಾಚೆ ಹಲಗೆಯ ಬಾವಿಯೊಳಗೆ ಯೆಜ್ಡಿ ಮೋಟಾರ್ ಸೈಕಲ್ಲಿನ ಸುತ್ತು. ಆ ಗಾಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮರದ ತೊಟ್ಟಿಲೂ ಈಗ ನನ್ನ ಕಣ್ಣಿಗೆ ಬೀಳುವುದಿಲ್ಲ.

ಸವಾರ ಬೀಳುವುದಿಲ್ಲ ಯಾಕೆ ಎಂದು ಕೇಳಿದಾಗ ನಮ್ಮ ವಿಜ್ಞಾನ ಮೇಷ್ಟ್ರು ಬೈಯಲಿಲ್ಲ, ಬೋರ್ಡಿನ ಮೇಲೆ ಬಾವಿಯನ್ನೇ ಬರೆದರು. ವೇಗವಾಗಿ ಸುತ್ತುವಾಗ ಗೋಡೆ ಚಕ್ರವನ್ನು ಒಳಮುಖವಾಗಿ ಒತ್ತುತ್ತದೆ. ಆ ಒತ್ತಡದಿಂದ ಬರುವ ಘರ್ಷಣೆ ಗಾಡಿಯ ಭಾರ ಹೊರುತ್ತದೆ. ವೇಗ ತಗ್ಗಿತೋ, ಜಾರಿತು. ಕೇಂದ್ರಾಭಿಮುಖ ಬಲ ಎಂಬ ಪಾಠ ನನಗೆ ಅಂದಿನಿಂದ ಮರೆತಿಲ್ಲ.

ಆದರೆ ಇನ್ನೊಂದು ನೆನಪೂ ಇದೆ. ತೊಟ್ಟಿಲು ಜಗ್ಗುವವರಲ್ಲಿ ನನ್ನದೇ ವಯಸ್ಸಿನ ಹುಡುಗನೊಬ್ಬನಿದ್ದ. ಕಂಬಕ್ಕೆ ಕಟ್ಟಿದ ಹಲಗೆ ತೋರಿಸಿ, ‘ಅದರಲ್ಲಿ ಏನು ಬರೆದಿದೆ, ಓದು’ ಎಂದ. ‘ತಿರುಗುವಾಗ ಎದ್ದು ನಿಲ್ಲಬಾರದು’ ಎಂದಿತ್ತು. ಬೆಳಗಿನಿಂದ ಅವನು ಕೂಗಿ ಹೇಳುತ್ತಿದ್ದದ್ದು ಅದೇ ಮಾತು. ಅದು ಅಲ್ಲಿ ಬರೆದಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಭಾರ ತೂಗುವ ವಿದ್ಯೆ ನನಗಿಂತ ಚೆನ್ನಾಗಿ ಬಲ್ಲವನು. ಜಾತ್ರೆಯಿಂದ ಜಾತ್ರೆಗೆ ಹೋಗುವ ಆ ಬದುಕಿನಲ್ಲಿ ಶಾಲೆಗೆ ಮಾತ್ರ ಜಾಗವಿರಲಿಲ್ಲ.

ಇಂದು ಕಾನೂನು ಬೇರೆಯಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವನ್ನು ವಯಸ್ಸಿನ ದಾಖಲೆಯಿಲ್ಲ ಎಂದು ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಇದು ಜಾತ್ರೆಯ ಡೇರೆಯಲ್ಲಿರುವ ತಂದೆತಾಯಿಗೆ ಯಾರು ಹೇಳಬೇಕು? ನಾವೇ ಹೇಳಬೇಕು.

ಹಳೆ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಜಾತ್ರೆಗೆ ಹೋದಾಗ ಮಕ್ಕಳನ್ನು ತೊಟ್ಟಿಲು ಹತ್ತಿಸಿ, ಕೆಳಗೆ ನಿಂತ ಮಕ್ಕಳನ್ನೂ ಮಾತಾಡಿಸಿ. ಅವರ ಊರು ಕೇಳಿ, ಅಲ್ಲಿನ ಶಾಲೆಗೆ ಒಂದು ಫೋನ್ ಮಾಡಿ. ಐವತ್ತು ವರ್ಷ ನಮಗೆ ಅಕ್ಷರ ಕೊಟ್ಟ ಈ ಶಾಲೆಯ ಋಣ ಅಷ್ಟಾದರೂ ತೀರಲಿ.