ಸಂಶಿಯ ಹತ್ತಿ, ಶ್ರೀಮಂತರ ತಕ್ಕಡಿ

(ಸಂಶಿಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಸಂಶಿಯ ಎರೆಭೂಮಿಯಲ್ಲಿ ಬೆಳೆದ ಹತ್ತಿಯ ದರ ಹುಬ್ಬಳ್ಳಿಯ ಮಾರುಕಟ್ಟೆಯಲ್ಲಷ್ಟೇ ನಿರ್ಧಾರವಾಗುವುದಿಲ್ಲ. ಇದು ಹಳೆಯ ಕಥೆ. ಇಂಗ್ಲೆಂಡಿನ ಗಿರಣಿಗಳಿಗಾಗಿ ಬ್ರಿಟಿಷರು 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿ ತಳಿಯನ್ನು ಬೆಳೆಸಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಇಲ್ಲಿ ದರ ಏರಿತು. 1865ರಲ್ಲಿ ಯುದ್ಧ ಮುಗಿದ ಬಳಿಕ ಕುಸಿಯಿತು. ಬೆವರು ನಮ್ಮದು, ತೀರ್ಮಾನ ಅವರದು.

ಇಂದು ಅದೇ ಕೆಲಸವನ್ನು ಸಬ್ಸಿಡಿ ಮಾಡುತ್ತಿದೆ. ದರ ಕುಸಿದರೆ ಅಮೆರಿಕ ತನ್ನ ಬೆಳೆಗಾರನ ನಷ್ಟ ತುಂಬಿಕೊಡುತ್ತದೆ. ಆತ ಬಿತ್ತನೆ ಕಡಿಮೆ ಮಾಡುವುದಿಲ್ಲ. ಹತ್ತಿ ರಾಶಿ ಬೀಳುತ್ತದೆ, ಜಗತ್ತಿನ ದರ ಮತ್ತಷ್ಟು ಇಳಿಯುತ್ತದೆ. ನಮ್ಮ ರೈತನಿಗೆ ಬೆಂಬಲ ಬೆಲೆಯ ಆಸರೆಯಾದರೂ ಇದೆ. ಮಾಲಿ, ಚಾಡ್, ಬುರ್ಕಿನಾ ಫಾಸೊ, ಬೆನಿನ್ ದೇಶಗಳ ಬಡ ಸರಕಾರಗಳಿಗೆ ಅಮೆರಿಕದಂತೆ ಖರ್ಚು ಮಾಡುವ ಶಕ್ತಿಯೆಲ್ಲಿದೆ? 2003ರಲ್ಲಿ ಈ ನಾಲ್ಕೂ ದೇಶಗಳು ವಿಶ್ವ ವ್ಯಾಪಾರ ಸಂಘಟನೆಯ ಮುಂದೆ ನ್ಯಾಯ ಕೇಳಿದವು. ಸಬ್ಸಿಡಿಯ ಇತ್ಯರ್ಥ 2024ರ ಅಬುಧಾಬಿ ಸಮ್ಮೇಳನದಲ್ಲೂ ಆಗಲಿಲ್ಲ. ಬಲಿಷ್ಠ ಬ್ರೆಜಿಲ್ ಇದೇ ಸಂಘಟನೆಯಲ್ಲಿ ಮೊಕದ್ದಮೆ ಹೂಡಿ ಗೆದ್ದಿತು. 2014ರಲ್ಲಿ ಅಮೆರಿಕ 30 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಶ್ರೀಮಂತ ದೇಶಗಳು ಒಳಿತನ್ನೇ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಯುರೋಪ್ ಒಕ್ಕೂಟ 2001ರಲ್ಲಿ ಅತಿ ಹಿಂದುಳಿದ ದೇಶಗಳ ಸರಕುಗಳಿಗೆ, ಶಸ್ತ್ರಾಸ್ತ್ರಗಳ ಹೊರತು, ಸುಂಕರಹಿತ ಪ್ರವೇಶ ನೀಡಲು ನಿರ್ಧರಿಸಿತು. ಬೇಕಾದುದು ಇಂತಹ ತೆರೆದ ಬಾಗಿಲು.

2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲೆ ಶೇ. 50 ಸುಂಕ ಹೇರಿತು. ಅದೇ ತಿಂಗಳು ನಮ್ಮ ಸರಕಾರ ಜವಳಿ ಉದ್ಯಮದ ನೆರವಿಗೆಂದು ಹತ್ತಿಯ ಶೇ. 11 ಆಮದು ಸುಂಕವನ್ನು ತೆಗೆಯಿತು. ಆ ವಿನಾಯಿತಿಯನ್ನು ಬಳಿಕ ಡಿಸೆಂಬರ್ ಅಂತ್ಯದವರೆಗೆ ವಿಸ್ತರಿಸಿತು. ರೈತನ ಹೊಸ ಹತ್ತಿ ಪೇಟೆಗೆ ಬರುವ ಹೊತ್ತಿಗೇ ವಿದೇಶಿ ಹತ್ತಿಯ ದಾರಿ ಸುಗಮವಾಯಿತು. ದೊಡ್ಡವರ ಜಗಳದ ದಂಡವನ್ನು ಹೊಲದಲ್ಲಿರುವವನು ತೆರಬೇಕೇ?

ಅಳತೆ, ತೂಕಗಳಲ್ಲಿ ವಂಚಿಸುವವರನ್ನು ಪವಿತ್ರ ಕುರ್‌ಆನ್ ಕಠಿಣವಾಗಿ ಎಚ್ಚರಿಸಿದೆ. ಪ್ರವಾದಿ ಶುಐಬ್(ಅ) ಮದ್‌ಯನ್ ಜನತೆಗೆ ಬೋಧಿಸಿದ್ದೂ ಇದನ್ನೇ. ಒಂದು ಕೈಯಲ್ಲಿ ದರ ಕೆಡಿಸಿ ಇನ್ನೊಂದು ಕೈಯಲ್ಲಿ ನೆರವು ನೀಡಿದರೆ ಅದು ಔದಾರ್ಯವಲ್ಲ.

ಆದರೆ ಸಹೋದರರೇ, ತೂಕದಲ್ಲಿ ಕಳೆಯುವ, ಮುಂಗಡ ಸಾಲ ಕೊಟ್ಟು ಬಡವನ ಬೆಳೆಯನ್ನು ಅಗ್ಗಕ್ಕೆ ಕಟ್ಟಿಕೊಳ್ಳುವ ವ್ಯಾಪಾರಿ ನಮ್ಮ ಮೊಹಲ್ಲಾದಲ್ಲೂ ಇದ್ದರೆ, ವಾಷಿಂಗ್ಟನ್ನನ್ನು ದೂರುವ ನೈತಿಕ ಹಕ್ಕು ನಮಗೆಲ್ಲಿದೆ? ಅಲ್ಲಿಯ ತಕ್ಕಡಿಯನ್ನು ಪ್ರಶ್ನಿಸೋಣ. ಇಲ್ಲಿಯದನ್ನು ಇಂದೇ ಸರಿಪಡಿಸೋಣ. ಅಲ್ಲಾಹನು ನಮಗೆ ಅದಕ್ಕೆ ಸನ್ಮತಿ ನೀಡಲಿ. ಆಮೀನ್.