ತೊಡರಿದ ನಾಲಿಗೆ, ನಿಲ್ಲದ ಮಾತು
(ಯುವಕ ಮಂಡಲದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗೊಬ್ಬರದ ಮಾತಿಲ್ಲ, ಬೀಜೋಪಚಾರದ ಮಾತಿಲ್ಲ. ಗ್ರಾಮಸೇವಕ ಇಂದು ಒಬ್ಬ ಹುಡುಗಿಯ ಕಥೆ ಹೇಳಲು ನಿಂತಿದ್ದಾನೆ. ಆಕೆ ಅಮೆರಿಕದ ಕಪ್ಪು ಜನಾಂಗದ ಕವಿ. ಹೆಸರು ಅಮ್ಯಾಂಡಾ ಗೋರ್ಮನ್.

ಮೊದಲು ಆ ಜನರ ವಿಚಾರ ಎರಡು ಮಾತು. ಅವರ ಪೂರ್ವಿಕರನ್ನು ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದು, ದನಗಳಂತೆ ಮಾರಿ, ಹತ್ತಿ ಮತ್ತು ಹೊಗೆಸೊಪ್ಪಿನ ಹೊಲಗಳಲ್ಲಿ ಕೂಲಿಯಿಲ್ಲದೆ ದುಡಿಸಿದರು. ಗುಲಾಮರಿಗೆ ಅಕ್ಷರ ಕಲಿಸುವುದೇ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಗುಲಾಮಗಿರಿ 1865ರಲ್ಲಿ ರದ್ದಾಯಿತು. ಆದರೂ ದಕ್ಷಿಣದ ರಾಜ್ಯಗಳಲ್ಲಿ ಅವರು ನಿರ್ಭಯವಾಗಿ ಮತ ಹಾಕಲು 1965ರ ಕಾನೂನು ಬರಬೇಕಾಯಿತು.

ಅಮ್ಯಾಂಡಾ ಹುಟ್ಟಿದ್ದು 1998ರಲ್ಲಿ, ಲಾಸ್ ಏಂಜಲಿಸ್ ನಗರದಲ್ಲಿ, ಅವಳಿ ಮಕ್ಕಳಲ್ಲಿ ಒಬ್ಬಳಾಗಿ. ತಾಯಿ ಶಾಲೆಯ ಉಪಾಧ್ಯಾಯಿನಿ. ಒಬ್ಬಂಟಿಯಾಗಿ ಮಕ್ಕಳನ್ನು ಸಾಕಿದಾಕೆ. ಈ ಹುಡುಗಿಗೆ ಮಾತಿನ ತೊಂದರೆಯಿತ್ತು. ‘ರ’ ಅಕ್ಷರಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. ಯೋಚಿಸಿ ನೋಡಿ: ‘ಗೋರ್ಮನ್’ ಎಂಬ ತನ್ನ ಹೆಸರಿನಲ್ಲೇ ಆ ಅಕ್ಷರ! ನಮ್ಮಲ್ಲೊಂದು ಮಗುವಿಗೆ ಹೀಗಾದರೆ ‘ರಾಗಿ’ ಎನ್ನಲಾಗದು, ‘ರೈತ’ ಎನ್ನಲಾಗದು.

ಬಾಯಿಗೆ ಬಾರದ್ದನ್ನು ಆಕೆ ಕಾಗದದ ಮೇಲೆ ಬರೆದಳು. ಬರೆದದ್ದನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದಿದಳು. ‘ರ’ಕಾರ ತುಂಬಿದ ಒಂದು ನಾಟಕದ ಹಾಡನ್ನು ಹಿಡಿದು ನಾಲಿಗೆಯನ್ನು ಪಳಗಿಸಿದಳು. ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದ ಮೇಲೂ ಈ ಅಭ್ಯಾಸ ನಡೆದಿತ್ತು. ನಾಲಿಗೆ ಸರಿಹೋಗಲಿ, ಆಮೇಲೆ ನೋಡೋಣ ಎಂದು ಆಕೆ ಕಾಯಲಿಲ್ಲ. 2014ರಲ್ಲಿ, ಹದಿನಾರರ ವಯಸ್ಸಿನಲ್ಲಿ, ತನ್ನ ನಗರದ ಯುವಕವಿ ಎನಿಸಿದಳು. 2016ರಲ್ಲಿ ಎಳೆಯರಿಗೆ ಬರವಣಿಗೆ ಮತ್ತು ಮುಂದಾಳುತನ ಕಲಿಸಲು ಒಂದು ಸಂಸ್ಥೆ ಕಟ್ಟಿದಳು. 2017ರಲ್ಲಿ ಇಡೀ ದೇಶದ ಮೊದಲ ರಾಷ್ಟ್ರೀಯ ಯುವಕವಿಯಾದಳು.

2021ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವ ಸಮಾರಂಭಕ್ಕೆ ಪದ್ಯ ಬರೆಯಲು ಆಕೆಗೆ ಕರೆ ಬಂತು. ಪದ್ಯ ಅರ್ಧವಾಗಿತ್ತು. ಆ ತಿಂಗಳ 6ರಂದು ಉದ್ರಿಕ್ತ ಗುಂಪೊಂದು ಅಲ್ಲಿನ ಸಂಸತ್ ಭವನಕ್ಕೆ ನುಗ್ಗಿ ದಾಂಧಲೆ ಮಾಡಿತು. ಆ ರಾತ್ರಿಯೇ ಕುಳಿತು ಆಕೆ ಪದ್ಯವನ್ನು ಮುಗಿಸಿದಳು. 20ರಂದು ಅದೇ ಭವನದ ಮುಂದೆ ನಿಂತು ಓದಿದಳು. ಆಗ ವಯಸ್ಸು ಇಪ್ಪತ್ತೆರಡು. ಆ ಭವನವನ್ನು ಕಟ್ಟುವಾಗ ಗುಲಾಮರಿಂದಲೂ ದುಡಿಸಿಕೊಂಡಿದ್ದರು. ಅಕ್ಷರ ನಿಷೇಧವಾಗಿದ್ದವರ ಸಂತತಿಯ ಹುಡುಗಿಯ ಅಕ್ಷರವನ್ನು ಅಂದು ಲೋಕವೇ ಕೇಳಿತು.

‘ಪದ್ಯದಿಂದ ಹೊಟ್ಟೆ ತುಂಬೀತೇ?’ ಎಂದು ಹಿರಿಯರು ಕೇಳಬಹುದು. ನನ್ನದೇ ಮಾತು ಹೇಳುತ್ತೇನೆ. ಚಿಕ್ಕಂದಿನಲ್ಲಿ ನಾನು ತೊದಲುತ್ತಿದ್ದೆ. ಪಾಠ ಓದಲು ಎದ್ದರೆ ‘ಪ’ ಅಕ್ಷರದಲ್ಲಿ ಕೆಸರಿಗೆ ಸಿಕ್ಕ ಬಂಡಿಯಂತೆ ನಿಂತುಬಿಡುತ್ತಿದ್ದೆ. ಒಂದು ದಿನ ಮೇಷ್ಟ್ರು ನಕ್ಕರು, ತರಗತಿಯೆಲ್ಲ ನಕ್ಕಿತು. ಅಲ್ಲಿಂದ ಎರಡು ವರ್ಷ ಶಾಲೆಯಲ್ಲಿ ನಾನು ಬಾಯಿ ಬಿಡಲಿಲ್ಲ. ನನ್ನ ಬಾಯಿ ಬಿಡಿಸಿದವಳು ಅಜ್ಜಿ. ಬೀಸುವ ಕಲ್ಲಿನ ಮುಂದೆ ಕೂರಿಸಿಕೊಂಡು ಪದ ಹೇಳಿಸುತ್ತಿದ್ದಳು. ಹಾಡಿನಲ್ಲಿ ನನಗೆ ತೊದಲು ಬರುತ್ತಿರಲಿಲ್ಲ. ‘ನೋಡು ಮಗಾ, ಮಾತು ನಿನ್ನೊಳಗೇ ಐತೆ’ ಎನ್ನುತ್ತಿದ್ದಳು. ಅಜ್ಜಿ ಇಲ್ಲದಿದ್ದರೆ ನಾನು ಕೃಷಿ ಡಿಪ್ಲೊಮಾ ಓದುತ್ತಿರಲಿಲ್ಲ, ನಿಮ್ಮ ಮುಂದೆ ಹೀಗೆ ನಿಲ್ಲುತ್ತಲೂ ಇರಲಿಲ್ಲ.

ಬಾಯಿ ಬಾರದವನು ಮಂಡಿಯಲ್ಲಿ ತೂಕ ಕೇಳಲಾರ, ಸೊಸೈಟಿಯಲ್ಲಿ ಸಾಲದ ಲೆಕ್ಕ ಕೇಳಲಾರ, ಗ್ರಾಮಸಭೆಯಲ್ಲಿ ತನ್ನ ಕೇರಿಗೆ ನೀರು ಕೇಳಲಾರ. ಇದು ಹೊಟ್ಟೆಯ ಮಾತಲ್ಲವೇ?

ಆದ್ದರಿಂದ ನನ್ನದೊಂದು ಬಿನ್ನಹ. ಮುಂದಿನ ಸಭೆಯಿಂದ ಅರ್ಧ ಗಂಟೆಯನ್ನು ಮಕ್ಕಳಿಗೆ ಬಿಡೋಣ. ಹುಡುಗರಿರಲಿ, ಹುಡುಗಿಯರಿರಲಿ, ತಾವೇ ಕಟ್ಟಿದ ನಾಲ್ಕು ಸಾಲು ಓದಲಿ. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ಮಗುವನ್ನು ಮೊದಲು ಕರೆಯೋಣ. ತಡವರಿಸಿದರೆ ಕಾಯೋಣ. ಯಾರೂ ನಗುವುದು ಬೇಡ. ಮೊಳಕೆ ತಡವಾಯಿತೆಂದು ನಾವು ಸಾಲನ್ನು ತುಳಿಯುತ್ತೇವೆಯೇ?